ಟೆರೇಸಿನಲ್ಲಿ ಕ್ವೀನ್, ಶೀಟಿನ ಮೇಲೆ ಮಳೆ

ನಮಸ್ಕಾರ, ಬನ್ನಿ ಬನ್ನಿ. ಇದು ಬಿಜೈಯಲ್ಲಿರುವ ನಮ್ಮ ಮನೆಯ ಟೆರೇಸ್. ಮೇಲೆ ಮಾಡಿನ ಶೀಟು, ಕೆಳಗೆ ಸಾಲು ಸಾಲು ಬಟ್ಟೆ. ಮಂಗಳೂರಿನ ಜುಲೈಯಲ್ಲಿ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅದನ್ನೆಲ್ಲ ಒಂದು ಬದಿಗೆ ಸರಿಸಿ ಬಿಳಿ ಬೆಡ್‌ಶೀಟ್ ಕಟ್ಟಿದೆವು. ಪರದೆ ಅದೇ.

ಅವತ್ತು ಜುಲೈ 13. 1985ರಲ್ಲಿ ಇದೇ ದಿನ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಲೈವ್ ಏಡ್ ನಡೆದದ್ದು. ಇಥಿಯೋಪಿಯಾದ ಬರಗಾಲಕ್ಕೆ ಹಣ ಕೂಡಿಸುವ ಕಾರ್ಯಕ್ರಮ. ಕ್ವೀನ್ ಬ್ಯಾಂಡಿನವರು ಹಾಡಿದ್ದು 20 ನಿಮಿಷ ಚಿಲ್ಲರೆ, ಅಷ್ಟೇ. ಅದರ ನೆನಪಿಗೆ ‘ಬೊಹೀಮಿಯನ್ ರಾಪ್ಸೊಡಿ’ ಹಾಕೋಣ ಅಂತ ನಾವು ನಾಲ್ಕು ಜನ ಸೇರಿದ್ದು. ಕ್ವೀನ್‌ನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿಯ ಕಥೆ, 2018ರ ಸಿನಿಮಾ. ನನಗೆ ಇದು ಐದನೇ ಸಲ. ತಪ್ಪು ತುಂಬ ಉಂಟು ಇದರಲ್ಲಿ. ಆದರೂ ಯಾಕೆ ಬಿಡಲಿಕ್ಕೆ ಆಗುವುದಿಲ್ಲ ಅಂತ ಹೇಳುತ್ತೇನೆ. ಮೊದಲು ಈ ಸ್ಪೀಕರಿನ ಕಥೆ ಕೇಳಿ.

ಪ್ರೊಜೆಕ್ಟರ್ ನನ್ನದೇ, ಸಣ್ಣದು. ಶೀಟಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತು ಕೂಡ ಕೇಳುವುದಿಲ್ಲ. ಹಾಗಾಗಿ ದೊಡ್ಡ ಸ್ಪೀಕರ್ ಬಾಡಿಗೆಗೆ ತಂದೆ. ಒಂದು ರಾತ್ರಿಗೆ 1200 ರೂಪಾಯಿ, ಅಡ್ವಾನ್ಸ್ 2000 ಬೇರೆ. ಆಟೋಗೆ 140. ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಗುಂಯ್ ಅಂತ ಒಂದೇ ಸಮ ಸದ್ದು. ವೈರ್ ಬದಲಾಯಿಸಿದೆ. ಪ್ಲಗ್ ಪಾಯಿಂಟ್ ಬದಲಾಯಿಸಿದೆ. ಅಂಗಡಿಗೆ ಫೋನ್ ಮಾಡಿದರೆ, ‘ಇಲ್ಲಿ ಸರಿ ಇತ್ತಲ್ಲ’ ಅಂತ ಒಂದೇ ಮಾತು. ಸರಿ ಇತ್ತು ಅಂದರೆ ಆಯಿತಾ? 1200 ರೂಪಾಯಿ ಕೊಟ್ಟವನು ಗುಂಯ್ ಕೇಳುತ್ತಾ ಕೂರಬೇಕಾ? ಮುಕ್ಕಾಲು ಗಂಟೆ ಹೋಯಿತು. ಗೋಳಿಬಜೆ ತಣ್ಣಗಾಯಿತು. ತಣ್ಣಗಾದ ಗೋಳಿಬಜೆ ರಬ್ಬರ್, ಅದಕ್ಕೆ ಯಾವ ಚಟ್ನಿ ಇದ್ದರೂ ಪ್ರಯೋಜನ ಇಲ್ಲ.

ಇಗೋ, ಈಗ ಮೆಟ್ಟಿಲು ಹತ್ತಿ ಬರುತ್ತಿದ್ದಾರಲ್ಲ, ಇವರು ಪಕ್ಕದ ಮನೆಯ ಅಂಕಲ್. ಮದುವೆ, ಮದುವೆಗೆ ಮೊದಲು ಇಲ್ಲಿನ ಕ್ರೈಸ್ತರು ಮಾಡುವ ರೋಸ್ ಕಾರ್ಯಕ್ರಮಗಳಲ್ಲಿ 30 ವರ್ಷ ಗಿಟಾರ್ ಬಾರಿಸಿದವರು. ಬಂದವರೇ ಒಂದು ನಿಮಿಷ ಕೇಳಿಸಿಕೊಂಡರು. ‘ಎಂಥ ಮಾರಾಯ, ಲ್ಯಾಪ್‌ಟಾಪಿನ ಚಾರ್ಜರ್ ತೆಗಿ’ ಅಂದರು. ತೆಗೆದೆ. ಗುಂಯ್ ಮಾಯ! ಎರಡೂ ಸಾಮಾನು ಬೇರೆ ಬೇರೆ ಕಡೆ ಅರ್ತ್ ಆದರೆ ನಡುವಿನ ಆಡಿಯೊ ವೈರಿನಲ್ಲಿ ಕರೆಂಟಿನ ಸದ್ದು ನುಗ್ಗುತ್ತದಂತೆ. ಸರಿ, ಬ್ಯಾಟರಿಯಲ್ಲೇ ಓಡಿಸೋಣ ಅಂತ ಶುರು ಮಾಡಿದೆವು. ನನ್ನ ಲ್ಯಾಪ್‌ಟಾಪ್ ಬ್ಯಾಟರಿ ಎರಡು ಗಂಟೆ ಬರುತ್ತದೆ. ಸಿನಿಮಾ ಇರುವುದು 2 ಗಂಟೆ 14 ನಿಮಿಷ. ಇದು ಆಗ ಯಾರಿಗೂ ಹೊಳೆಯಲಿಲ್ಲ.

ಈಗ ಸಿನಿಮಾಕ್ಕೆ ಬರೋಣ. ನೋಡಿ, ಲಂಡನ್ ವಿಮಾನ ನಿಲ್ದಾಣದಲ್ಲಿ ಲಗೇಜ್ ಎತ್ತುವ ಹುಡುಗ. ಇಲ್ಲೇ ನನ್ನ ಮೊದಲ ಬೇಸರ. ಫ್ರೆಡ್ಡಿ ಹುಟ್ಟಿದ್ದು ಜಾಂಜಿಬಾರ್‌ನಲ್ಲಿ, 1946ರಲ್ಲಿ, ಪಾರ್ಸಿ ಮನೆಯಲ್ಲಿ. ಹೆಸರು ಫರೋಖ್ ಬಲ್ಸಾರಾ. ಓದಿದ್ದು ನಮ್ಮ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ. ಅಲ್ಲೇ ಗೆಳೆಯರ ಜೊತೆ ದಿ ಹೆಕ್ಟಿಕ್ಸ್ ಅಂತ ಬ್ಯಾಂಡ್ ಕಟ್ಟಿ ಪಿಯಾನೊ ನುಡಿಸುತ್ತಿದ್ದ. ಆ ಶಾಲೆಯ ಹುಡುಗನನ್ನು ಹತ್ತು ನಿಮಿಷ ತೋರಿಸಬಹುದಿತ್ತು, ಅಲ್ವಾ?

ಈ ಶಾಟ್ ನೋಡಿ. ಮೇಜಿನ ಸುತ್ತ ಕೂತು ಮ್ಯಾನೇಜರ್ ಜೊತೆ ಮಾತಾಡುತ್ತಿದ್ದಾರೆ. ಒಬ್ಬ ಮಾತು ಮುಗಿಸುವ ಮೊದಲೇ ಕಟ್, ಮತ್ತೆ ಕಟ್, ಮತ್ತೆ ಕಟ್. ಸುಮ್ನೆ ಕೂತವನ ಮುಖಕ್ಕೂ ಕಟ್. ಇಡೀ ದಿನ ಎಡಿಟಿಂಗ್ ಮಾಡುವ ನನಗೆ ಕಣ್ಣು ನೋಯುತ್ತದೆ. ಈ ಸಿನಿಮಾಕ್ಕೆ ಬಂದ ನಾಲ್ಕು ಆಸ್ಕರ್‌ಗಳಲ್ಲಿ ಒಂದು ಎಡಿಟಿಂಗಿಗೇ! ಆದರೆ ಚಿತ್ರೀಕರಣದ ಮಧ್ಯದಲ್ಲಿ ನಿರ್ದೇಶಕರನ್ನು ತೆಗೆದು, ಡೆಕ್ಸ್‌ಟರ್ ಫ್ಲೆಚರ್ ಬಂದು ಮುಗಿಸಿದ ಸಿನಿಮಾ ಇದು. ಅಷ್ಟೆಲ್ಲ ಆದ ಮೇಲೂ ಜೋಡಿಸಿ ನಿಲ್ಲಿಸಿದ್ದಾರಲ್ಲ. ಆಸ್ಕರ್ ಬಂದದ್ದು ಸರಿಯೇ ಇರಬಹುದು.

ಅಂಕಲ್‌ಗೆ ಕಥೆ ಬೇಡ, ಅವರ ಕಣ್ಣು ಪೂರ್ತಿ ಕ್ವೀನ್‌ನ ಗಿಟಾರ್ ವಾದಕ ಬ್ರಯಾನ್ ಮೇ ಗಿಟಾರಿನ ಮೇಲೆ. ಅಪ್ಪ, ಮಗ ಸೇರಿ ಮನೆಯಲ್ಲೇ ಮಾಡಿದ ಗಿಟಾರ್. ಅದರ ಕುತ್ತಿಗೆ ಹಳೆಯ ಬೆಂಕಿಗೂಡಿನ ಹಲಗೆಯದ್ದು. ಮೀಟುವುದು ಆರು ಪೆನ್ಸಿನ ನಾಣ್ಯದಲ್ಲಿ. ಅಂಕಲ್ ಕಿಸೆಯಿಂದ ಒಂದು ರೂಪಾಯಿ ತೆಗೆದು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ತೋರಿಸಿದರು. ಅಂಚು ತಂತಿಗೆ ತಾಗಬೇಕಂತೆ, ಆಗ ಒಂದು ಗರಗರ ಬರುತ್ತದಂತೆ.

ಫ್ರೆಡ್ಡಿ ಆಗಿ ನಟಿಸಿದ ರಾಮಿ ಮಲೆಕ್ ಸ್ವಂತ ದನಿಯಲ್ಲಿ ಹಾಡಿಲ್ಲ ಅಂತ ಕೆಲವರು ದೂರುತ್ತಾರೆ. ಹೌದು, ಜಾಸ್ತಿ ಫ್ರೆಡ್ಡಿಯ ಹಳೆಯ ರೆಕಾರ್ಡಿಂಗು, ಕೆಲವು ಕಡೆ ಕೆನಡಾದ ಮಾರ್ಕ್ ಮಾರ್ಟೆಲ್ ದನಿ. ನಮ್ಮೂರಲ್ಲಿ ಯಕ್ಷಗಾನ ನೋಡಿ ಬೆಳೆದವರಿಗೆ ಇದು ಒಂದು ದೂರಾ? ಭಾಗವತರು ಹಾಡುತ್ತಾರೆ, ವೇಷ ಕುಣಿಯುತ್ತದೆ. ಮಹಿಷಾಸುರ ಬರುವಾಗ ನಿದ್ದೆ ಹೋದವನೂ ಎದ್ದು ಕೂರುತ್ತಾನೆ. ಪುರಾಣದಲ್ಲಿ ಹೀಗೇ ಇತ್ತಾ ಅಂತ ಆಗ ಯಾರೂ ಕೇಳುವುದಿಲ್ಲ. ವೇಷ ರಂಗ ತುಂಬಬೇಕು. ರಾಮಿ ಮಲೆಕ್ ತುಂಬಿದ್ದಾನೆ. ಕೃತಕ ಹಲ್ಲು ಕಟ್ಟಿಕೊಂಡ ಆ ಬಾಯಿ, ತುಟಿ ಎಳೆದು ಹಲ್ಲು ಮುಚ್ಚಿಕೊಳ್ಳುವ ಆ ಸಣ್ಣ ಅಭ್ಯಾಸ, ಅದನ್ನು ನೋಡಲಿಕ್ಕೇ ನಾನು ಮತ್ತೆ ಮತ್ತೆ ಬರುವುದು.

ಮತ್ತೆ... ಹೋಯಿತು. ಸರಿಯಾಗಿ ಲೈವ್ ಏಡ್ ಶುರುವಾಗುವಾಗ ಲ್ಯಾಪ್‌ಟಾಪ್ ಆಫ್. ಚಾರ್ಜರ್ ಹಾಕಿದರೆ ಗುಂಯ್. ಆ 20 ನಿಮಿಷವನ್ನು ಗುಂಯ್ ಜೊತೆ ನೋಡಲಿಕ್ಕೆ ನಾನು ಒಪ್ಪಲಿಲ್ಲ. ಅರ್ಧ ಗಂಟೆ ಚಾರ್ಜ್ ಆಗಲಿ ಅಂತ ಕಾದೆವು. ಅಮ್ಮ ಚಹಾ ಕಳಿಸಿದರು.

ಕಾಯುವಾಗ ನನಗೆ ಕೋಪ ಬಂತು, ಸಿನಿಮಾದ ಮೇಲೆಯೇ. ಲೈವ್ ಏಡ್‌ಗೆ ಮೊದಲು ಬ್ಯಾಂಡ್ ವರ್ಷಗಟ್ಟಲೆ ಒಡೆದು ಹೋಗಿತ್ತು ಅಂತ ತೋರಿಸುತ್ತಾರೆ. ಅದೇ ವರ್ಷ ಮೇ ತಿಂಗಳಲ್ಲಿ ಅವರು ಜಪಾನಿನಲ್ಲಿ ಶೋ ಕೊಟ್ಟಿದ್ದರು. ಹೋಗಲಿ, ಕಥೆಗೆ ಬೇಕಿತ್ತು. ಆದರೆ ಕಾಯಿಲೆ? ಎಚ್‌ಐವಿ ಇದೆ ಅಂತ ಫ್ರೆಡ್ಡಿಗೆ ಗೊತ್ತಾದದ್ದು 1987ರಲ್ಲಿ ಅಂತ ಅವನ ಸಂಗಾತಿ ಹೇಳಿದ್ದಾನೆ. ಸಿನಿಮಾದಲ್ಲಿ ಅದನ್ನು ಎರಡು ವರ್ಷ ಹಿಂದಕ್ಕೆ ಎಳೆದು ತಂದು, ಲೈವ್ ಏಡ್‌ಗೆ ಮೊದಲು ಗೆಳೆಯರ ಹತ್ತಿರ ಹೇಳಿಸುತ್ತಾರೆ. ಅವನು ಹೊರಗಿನವರಿಗೆ ಹೇಳಿದ್ದು 1991ರ ನವೆಂಬರ್ 23ಕ್ಕೆ, ಮರುದಿನ ತೀರಿಹೋದ. ಅಷ್ಟು ಗುಟ್ಟಾಗಿ ಕಾಪಾಡಿಕೊಂಡ ನೋವನ್ನು ಕ್ಲೈಮ್ಯಾಕ್ಸಿಗೆ ಬೇಕಾದ ಜಾಗದಲ್ಲಿ ಇಟ್ಟರಲ್ಲ, ಇದನ್ನು ನಾನು ಕ್ಷಮಿಸುವುದಿಲ್ಲ. ಮಹಿಷಾಸುರನಿಗೆ ನಾನು ಹೇಳಿದ ನ್ಯಾಯ ಇಲ್ಲಿ ನಡೆಯುವುದಿಲ್ಲ. ಇವನು ನಮ್ಮ ಕಾಲದಲ್ಲೇ ಬದುಕಿದ್ದ ಮನುಷ್ಯ.

ಮಳೆ ಸ್ವಲ್ಪ ಬಿಟ್ಟಿತು. ಬ್ಯಾಟರಿ 38. ಚಾರ್ಜರ್ ತೆಗೆದು ಸಿನಿಮಾ ಹಾಕಿದೆ.

ಪಿಯಾನೊ ಮೇಲೆ ಆ ಪೇಪರ್ ಕಪ್‌ಗಳನ್ನು ನೋಡಿ. ಅವತ್ತು ವೆಂಬ್ಲಿಯಲ್ಲೂ ಹಾಗೇ ಇದ್ದವು. ಒಂದು ಹಳೆಯ ಏರ್‌ಫೀಲ್ಡಿನಲ್ಲಿ ಇಡೀ ವೇದಿಕೆ ಕಟ್ಟಿದ್ದಾರೆ. ಸಿನಿಮಾದ ಕೊನೆಗೆ ಬರುವ ಇದನ್ನೇ ಮೊಟ್ಟಮೊದಲು ಶೂಟ್ ಮಾಡಿದ್ದಂತೆ. ಎರಡು ಹಾಡು ಬಿಟ್ಟಿದ್ದಾರೆ, ಪರವಾಗಿಲ್ಲ. ಬಿಳಿ ಬನಿಯನ್, ತೋಳಿಗೆ ಪಟ್ಟಿ, ಕೈಯಲ್ಲಿ ಅರ್ಧ ಮುರಿದ ಮೈಕ್ ಸ್ಟ್ಯಾಂಡ್. ‘ಏ...ಓ’ ಅಂದ ಕೂಡಲೇ ಅಂಕಲ್ ಚಹಾದ ಲೋಟ ಕೆಳಗಿಟ್ಟು ‘ಏ...ಓ’ ಅಂದರು. ನಾವೂ ಅಂದೆವು. ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ, ಇಗೋ ನೋಡಿ, ನನ್ನ ಕಣ್ಣು ಒದ್ದೆಯಾಗಿದೆ.

‘ಇನ್ನೊಮ್ಮೆ ಹಾಕು ಮಾರಾಯ, ಆ ಏ...ಓ ಮಾತ್ರ’ ಅಂದರು ಅಂಕಲ್. ಇದು ಮೂರನೇ ಸಲ ಹಾಕಿದ್ದು. ಬ್ಯಾಟರಿ 11. ಬೆಳಿಗ್ಗೆ 9ಕ್ಕೆ ಸ್ಪೀಕರ್ ವಾಪಸ್ ಕೊಡಬೇಕು, ಈ ಶಾಟ್ ಇಲ್ಲಿಗೆ...