ತಳ ಹಿಡಿದ ಅನ್ನದ ಮರ್ಯಾದೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಗಳಲ್ಲಿ ಅನ್ನ ತಳ ಹಿಡಿದರೆ ಅದು ಒಲೆಯ ಮುಂದೆ ನಿಂತವರ ಎಚ್ಚರಗೇಡಿತನಕ್ಕೆ ಸಾಕ್ಷಿ. ಮೇಲಿನ ಅನ್ನವನ್ನು ಮೆಲ್ಲಗೆ ತೆಗೆದು ಬಡಿಸಿ, ಅಂಟಿಕೊಂಡದ್ದಕ್ಕೆ ನೀರು ಹಾಕಿ ನೆನೆಸಿಟ್ಟು, ಪಾತ್ರೆ ತೊಳೆಯುವಾಗ ಗೊಣಗಿಕೊಳ್ಳುವುದು ರೂಢಿ. ಬೆಂಗಳೂರಿನ ಹೋಟೆಲೊಂದರಲ್ಲಿ ಏರ್ಪಡಿಸಿದ್ದ ಪರ್ಷಿಯನ್ ಆಹಾರೋತ್ಸವಕ್ಕೆ ಹೋಗಿದ್ದಾಗ, ಆ ತಳ ಹಿಡಿದ ಅನ್ನಕ್ಕಾಗಿಯೇ ಜನ ತಟ್ಟೆ ಹಿಡಿದು ಕಾಯುವುದನ್ನು ಕಂಡೆ. ಇರಾನಿನಿಂದ ಬಂದಿದ್ದ ಬಾಣಸಿಗರು ಪಾತ್ರೆಯ ಬಾಯಿಗೆ ಅಗಲವಾದ ಹರಿವಾಣವನ್ನು ಮುಚ್ಚಿ, ಎರಡನ್ನೂ ಅವುಚಿ ಹಿಡಿದು, ಒಮ್ಮೆಲೇ ಬೋರಲು ಹಾಕಿದರು. ಪಾತ್ರೆಯನ್ನು ಎತ್ತಿದಾಗ ಅನ್ನವೆಲ್ಲ ಕಲಸದೆ ಇಡಿಯಾಗಿ ನಿಂತಿತ್ತು. ಅದರ ನೆತ್ತಿಯ ಮೇಲೆ ಹೊಂಬಣ್ಣದ ಗರಿಗರಿಯಾದ ಹೊದಿಕೆ. ಅದಕ್ಕೆ ತಹದೀಗ್ ಎಂದು ಹೆಸರು. ಫಾರಸಿಯಲ್ಲಿ ‘ತಹ್’ ಎಂದರೆ ತಳ, ‘ದೀಗ್’ ಎಂದರೆ ಪಾತ್ರೆ.

ಇದು ಅಕಸ್ಮಾತ್ತಾಗಿ ಆಗುವಂಥದ್ದಲ್ಲ. ಉದ್ದನೆಯ ಅಕ್ಕಿಯನ್ನು ಉಪ್ಪುನೀರಿನಲ್ಲಿ ನೆನೆಸಿ, ಧಾರಾಳವಾಗಿ ಕುದಿಯುವ ನೀರಿಗೆ ಹಾಕಿ, ಅಗುಳಿನ ನಡುವೆ ಇನ್ನೂ ಸ್ವಲ್ಪ ಗಟ್ಟಿ ಉಳಿದಿರುವಾಗಲೇ ಬಸಿಯುತ್ತಾರೆ. ಬಸಿದ ಅನ್ನವೆಂದರೆ ನಮಗೇನೂ ಹೊಸದಲ್ಲ. ಕುಕ್ಕರು ಬರುವ ಮೊದಲು ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಅದನ್ನೇ. ಆದರೆ ನಮ್ಮ ಕೆಲಸ ಮುಗಿಯುವಲ್ಲಿ ಅವರದು ಆರಂಭವಾಗುತ್ತದೆ. ತಳದಲ್ಲಿ ಎಣ್ಣೆಯನ್ನೋ ಬೆಣ್ಣೆಯನ್ನೋ ಕಾಯಿಸಿ, ಅದರ ಮೇಲೆ ಮೊಸರು ಮತ್ತು ಕೇಸರಿ ಬೆರೆಸಿದ ಒಂದು ಪದರ ಅನ್ನವನ್ನೋ, ತೆಳುವಾದ ಲವಾಶ್ ರೊಟ್ಟಿಯನ್ನೋ, ಆಲೂಗಡ್ಡೆಯ ಬಿಲ್ಲೆಗಳನ್ನೋ ಹಾಸಿ, ಉಳಿದ ಅನ್ನವನ್ನು ಗೋಪುರದಂತೆ ಪೇರಿಸಿ, ಹಬೆ ಆಡುವುದಕ್ಕೆಂದು ಸೌಟಿನ ಹಿಡಿಯಿಂದ ನಾಲ್ಕಾರು ತೂತುಗಳನ್ನು ಮಾಡುತ್ತಾರೆ. ಬೆವರಿದ ಹನಿ ಅನ್ನದ ಮೇಲೆ ಬೀಳದಿರಲೆಂದು ಮುಚ್ಚಳಕ್ಕೆ ದಪ್ಪ ಬಟ್ಟೆಯನ್ನು ಸುತ್ತಿ, ಸಣ್ಣ ಉರಿಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಬಿಡುತ್ತಾರೆ. ಹೀಗೆ ಹಬೆಯಲ್ಲಿ ಅರಳಿಸುವುದಕ್ಕೆ ಅವರು ‘ದಮ್’ ಎನ್ನುತ್ತಾರೆ. ಫಾರಸಿಯಲ್ಲಿ ಆ ಮಾತಿಗೆ ಉಸಿರು ಎಂಬ ಅರ್ಥವೂ ಉಂಟು. ನಾವು ದಿನವೂ ಬಾಯಲ್ಲಿ ಆಡುವ ದಮ್ ಬಿರಿಯಾನಿಯ ದಮ್ಮು ಅಲ್ಲಿಂದಲೇ ಬಂದದ್ದು. ಬಿರಿಯಾನಿ, ಪಲಾವ್, ಪನೀರ್, ನಾನ್, ಗುಲಾಬಿ ಇವೂ ಅದೇ ದಾರಿ ಹಿಡಿದು ನಮ್ಮಲ್ಲಿಗೆ ಬಂದ ಮಾತುಗಳು.

ಪರ್ಷಿಯನ್ ಊಟವೆಂದರೆ ಕಬಾಬ್ ಎಂದುಕೊಂಡು ಹೋದವರೇ ಅಂದು ಹೆಚ್ಚಾಗಿದ್ದರು. ಕಬಾಬ್ ಚೆನ್ನಾಗಿಯೇ ಇತ್ತು. ಅದರ ಮೇಲೆ ಉದುರಿಸಿಕೊಳ್ಳುವ ಸುಮಾಕ್ ಎಂಬ ಹುಳಿಪುಡಿಯೂ ಸೊಗಸಾಗಿತ್ತು. ಆದರೆ ನನ್ನ ಮಟ್ಟಿಗೆ ಆ ಅಡುಗೆಯ ಜೀವ ಇರುವುದು ಅನ್ನದಲ್ಲಿ, ಸೊಪ್ಪಿನಲ್ಲಿ ಮತ್ತು ಹುಳಿಯಲ್ಲಿ. ಇಲ್ಲಿ ಖಾರಕ್ಕೆ ಹೆಚ್ಚಿನ ಕೆಲಸವಿಲ್ಲ. ಪಕ್ಕದ ಮೇಜಿನವರು ಎರಡು ಸಲ ಹಸಿಮೆಣಸಿನಕಾಯಿ ಕೇಳಿ ತರಿಸಿಕೊಂಡರು. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ, ಏಕೆಂದರೆ ಮೊದಲ ಎರಡು ತುತ್ತಿಗೆ ನನ್ನ ಕೈಯೂ ಉಪ್ಪಿನಕಾಯಿಯನ್ನು ಹುಡುಕಿತ್ತು.

ಬಾಗಾಲಿ ಪೊಲೋ ಎಂಬ ಅನ್ನವನ್ನು ಬಡಿಸಿದಾಗ ಮಾತ್ರ ನನಗೆ ಮಾಗಿಯ ಕಾಲದ ನಮ್ಮ ಅಡುಗೆಮನೆಯೇ ನೆನಪಾಯಿತು. ಹಸಿರು ಬಾಗಾಲಿ ಕಾಳು ಅವರೆಯಲ್ಲ. ಅದು ಬೇರೆಯೇ ಜಾತಿಯದು, ಕಾಳೂ ದೊಡ್ಡದು. ಆದರೂ ಅದರ ಮೇಲಿನ ಸಿಪ್ಪೆಯನ್ನು ಬೆರಳ ತುದಿಯಲ್ಲಿ ಒತ್ತಿ, ಒಳಗಿನ ಎಳೆಹಸಿರು ಬೇಳೆಯನ್ನು ಜಾರಿಸಿ ತೆಗೆಯುವ ಕ್ರಮ ನಮ್ಮ ಹಿತಕಿದ ಅವರೆಯದೇ. ಅದಕ್ಕೆ ಜೊತೆಯಾಗಿ ಬೆರೆಸುವುದು ಸಬ್ಬಸಿಗೆ ಸೊಪ್ಪನ್ನು! ಅವರೆಕಾಳು ಮತ್ತು ಸಬ್ಬಸಿಗೆಯನ್ನು ಅಕ್ಕಿರೊಟ್ಟಿಯಲ್ಲಿ ಒಂದಾಗಿಸಿದವರು ನಾವೇ ಎಂಬ ಹೆಮ್ಮೆ ಅಲ್ಲಿಗೆ ಸ್ವಲ್ಪ ಇಳಿಯಿತು.

ಅನ್ನದ ಜೊತೆಗೆ ಕಲಸಿಕೊಳ್ಳುವ ಗಟ್ಟಿ ಸಾರಿನಂಥ ಪದಾರ್ಥಕ್ಕೆ ಖೊರೇಶ್ ಎನ್ನುತ್ತಾರೆ. ಅವುಗಳಲ್ಲಿ ಇರಾನಿನವರು ಮನೆಯೂಟವೆಂದು ಬಹಳವಾಗಿ ಹಚ್ಚಿಕೊಂಡದ್ದು ಘೋರ್ಮೆ ಸಬ್ಜಿ. ಕೊತ್ತಂಬರಿ, ಪಾರ್ಸ್ಲಿ, ಮೆಂತ್ಯ ಮುಂತಾದ ಸೊಪ್ಪುಗಳನ್ನು ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಕಡುಹಸಿರಾಗುವ ತನಕ ಬಾಡಿಸಿ, ಮಾಂಸ ಮತ್ತು ರಾಜ್ಮಾದೊಂದಿಗೆ ನಿಧಾನವಾಗಿ ಬೇಯಿಸುತ್ತಾರೆ. ಹುಳಿಗೆ ಒಣಗಿಸಿದ ನಿಂಬೆಹಣ್ಣನ್ನು ಇಡಿಯಾಗಿ ಹಾಕುತ್ತಾರೆ. ಬಾಣಸಿಗರು ಅಂಥದೊಂದನ್ನು ನನ್ನ ಅಂಗೈಯಲ್ಲಿಟ್ಟರು. ಕಪ್ಪಾಗಿ, ಒಳಗೆ ಟೊಳ್ಳಾಗಿ, ಗೋಲಿಯಷ್ಟೂ ತೂಕವಿಲ್ಲದೆ ಇತ್ತು. ಮೂಗಿನ ಹತ್ತಿರ ಹಿಡಿದರೆ ಹಳೆಯ ನಿಂಬೆ ಉಪ್ಪಿನಕಾಯಿಯ ಭರಣಿಯನ್ನು ತೆರೆದಂಥ ವಾಸನೆ. ಅದಕ್ಕೆ ಎರಡು ಕಡೆ ಚುಚ್ಚಿ ಬಿಟ್ಟರೆ ಸಾರು ಒಳಗೆ ಹೋಗಿ ಹುಳಿಯನ್ನೂ ತುಸು ಕಹಿಯನ್ನೂ ಹೊತ್ತು ಹೊರಗೆ ಬರುತ್ತದೆ.

ಇನ್ನೊಂದು ಖೊರೇಶಿನ ಹೆಸರು ಫೆಸೆಂಜಾನ್. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ್ ಪ್ರಾಂತ್ಯಕ್ಕೆ ಇದು ವಿಶೇಷ. ನುಣ್ಣಗೆ ಅರೆದ ಅಕ್ರೋಟನ್ನು ದಾಳಿಂಬೆಯ ರಸ ಬತ್ತಿಸಿದ ಪಾಕದಲ್ಲಿ, ಅಕ್ರೋಟಿನ ಎಣ್ಣೆ ಮೇಲೆ ತೇಲಿಬರುವ ತನಕ ಗಂಟೆಗಟ್ಟಲೆ ಕುದಿಸಿ, ಅದಕ್ಕೆ ಬಾತುಕೋಳಿ ಅಥವಾ ಕೋಳಿಯ ಮಾಂಸವನ್ನು ಸೇರಿಸುತ್ತಾರೆ. ಬಣ್ಣ ನೋಡಿದರೆ ಮೆಚ್ಚುವಂತಿಲ್ಲ, ಕೆಸರಿನ ಕಂದು. ಬಾಯಿಗಿಟ್ಟರೆ ಹುಣಸೆ, ಬೆಲ್ಲ, ಹುಚ್ಚೆಳ್ಳು ಹಾಕಿ ಕುದಿಸಿದ ನಮ್ಮ ಗೊಜ್ಜಿನ ದೂರದ ನೆಂಟ. ನಮ್ಮಲ್ಲಿ ಉಷ್ಣ, ಶೀತ ಎಂದು ಪದಾರ್ಥಗಳನ್ನು ವಿಂಗಡಿಸುವಂತೆ ಇರಾನಿನವರೂ ‘ಗರ್ಮ್’, ‘ಸರ್ದ್’ ಎಂದು ವಿಂಗಡಿಸುತ್ತಾರೆ. ಅಕ್ರೋಟು ಉಷ್ಣ, ದಾಳಿಂಬೆ ಶೀತ, ಆದುದರಿಂದ ಒಂದನ್ನೊಂದು ಸರಿದೂಗಿಸುತ್ತವೆ ಎಂಬುದು ಅವರ ಲೆಕ್ಕ.

ಗೀಲಾನ್ ಎಂದೊಡನೆ ನಮಗೆ ನೆನಪಾಗಬೇಕಾದವನು ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನ್. ಅವನು ಅಲ್ಲಿಯವನೇ. 1472ರಲ್ಲಿ ಬೀದರಿನಲ್ಲಿ ಅವನು ಕಟ್ಟಿಸಿದ ಮದರಸದ ಗೋಡೆಯ ಮೇಲೆ ಪರ್ಷಿಯನ್ ಶೈಲಿಯ ಬಣ್ಣದ ಹೆಂಚುಗಳ ತುಣುಕುಗಳು ಇಂದಿಗೂ ಉಳಿದಿವೆ. ಬೀದರಿನ ಬಿರುಬೇಸಿಗೆಯಲ್ಲಿ ಕುಳಿತು ಅವನು ತನ್ನೂರಿನ ಅಕ್ರೋಟಿನ ಸಾರನ್ನು ನೆನೆದಿರಬಹುದೇ ಎಂಬ ಯೋಚನೆ ನನಗೆ ಬಂತು. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಬೆಂಗಳೂರಿನ ಅಲಿ ಅಸ್ಕರ್ ರಸ್ತೆಗೆ ಹೆಸರು ಕೊಟ್ಟವರು ಶಿರಾಜಿನಿಂದ ಕುದುರೆ ವ್ಯಾಪಾರಕ್ಕೆ ಬಂದು ಇಲ್ಲಿಯೇ ನೆಲೆಸಿದವರು, ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಅಜ್ಜ.

ಆಹಾರೋತ್ಸವದಲ್ಲಿ ಒಂದು ಕೊರತೆಯನ್ನು ಹೇಳದೆ ಇರಲಾರೆ. ಒಂಬತ್ತು ಗಂಟೆಯ ಮೇಲೆ ಬಂದವರಿಗೆ ಸಿಕ್ಕ ತಹದೀಗ್ ಬಫೆಯ ಮುಚ್ಚಿದ ತಟ್ಟೆಯೊಳಗೆ ತನ್ನದೇ ಹಬೆಗೆ ಮೆತ್ತಗಾಗಿ, ನೆನೆದ ಹಪ್ಪಳದಂತೆ ಆಗಿತ್ತು. ಪಾತ್ರೆ ಬೋರಲು ಹಾಕಿದ ಹದಿನೈದು ನಿಮಿಷದೊಳಗೆ ತಿನ್ನಬೇಕಾದ ಪದಾರ್ಥವನ್ನು ಬಫೆಯಲ್ಲಿ ಇಡಲೇಬಾರದು. ಇಂಥ ಉತ್ಸವಕ್ಕೆ ಹೋಗುವವರು ಬೇಗ ಹೋಗಿ, ಪಾತ್ರೆ ಯಾವಾಗ ಬೋರಲು ಹಾಕುತ್ತೀರಿ ಎಂದು ಮೊದಲೇ ಕೇಳಿ, ಅಲ್ಲಿಯ ತನಕ ಪುದೀನ ಹಾಕಿದ ದೂಗ್ ಎಂಬ ಮಜ್ಜಿಗೆಯನ್ನು ಕುಡಿಯುತ್ತ ಕುಳಿತಿರುವುದು ಮೇಲು.

ಮನೆಗೆ ಬಂದ ಮೇಲೆ ನಾನೂ ಕೈಹಾಕಿದೆ. ಮೊದಲ ಸಲ ಉರಿ ಹೆಚ್ಚಾಗಿ ತಳ ಕರಕಲಾಯಿತು. ಎರಡನೆಯ ಸಲ ಹೆದರಿ ಬೇಗ ಇಳಿಸಿದೆ, ಬಣ್ಣವೇ ಬರಲಿಲ್ಲ. ಮೂರನೆಯ ಸಲ ಆಲೂಗಡ್ಡೆಯ ಬಿಲ್ಲೆಗಳನ್ನು ಹಾಸಿ, ಮುಚ್ಚಳಕ್ಕೆ ಹಳೆಯ ಪಂಚೆಯ ತುಂಡನ್ನು ಸುತ್ತಿ, ಕಾದು ಕುಳಿತು ಬೋರಲು ಹಾಕಿದಾಗ ಅರ್ಧ ಭಾಗ ಹೊಂಬಣ್ಣಕ್ಕೆ ತಿರುಗಿ ಹರಿವಾಣಕ್ಕೆ ಬಂತು. ಉಳಿದರ್ಧಕ್ಕೆ ನೀರು ಹಾಕಿ ನೆನೆಸಿಟ್ಟೆ.

ನಮಸ್ಕಾರ.