ವಿದೇಶ ಪ್ರವಾಸಕ್ಕೆ ಮನೆಯವರ ಒಪ್ಪಿಗೆ: ಭಯಕ್ಕೆ ಉತ್ತರ ಕೊಡುವುದು ಹೇಗೆ?

ನಮಸ್ಕಾರ. ಮೊದಲ ಸಲ ವಿದೇಶಕ್ಕೆ ಹೋಗಬೇಕೆಂಬ ಆಸೆ ಹೊತ್ತು, ಆ ವಿಷಯವನ್ನು ಮನೆಯಲ್ಲಿ ಎತ್ತುವುದು ಹೇಗೆಂದು ತಿಳಿಯದೆ ಕುಳಿತಿರುವ ಯುವಕ ಯುವತಿಯರ ಜೊತೆ ಇವತ್ತು ಮಾತನಾಡಬೇಕೆಂದಿದ್ದೇನೆ. ನೀವು ವಯಸ್ಕರು, ಕಾನೂನಿನ ದೃಷ್ಟಿಯಲ್ಲಿ ನಿಮಗೆ ಯಾರ ಅನುಮತಿಯೂ ಬೇಕಾಗದಿರಬಹುದು. ಆದರೂ ಅಪ್ಪ ಅಮ್ಮ ಮನಸಾರೆ ಒಪ್ಪಿ ಕಳುಹಿಸಿದ ಪ್ರವಾಸಕ್ಕೂ ಜಗಳವಾಡಿ ಹೊರಟ ಪ್ರವಾಸಕ್ಕೂ ದೊಡ್ಡ ಅಂತರವಿದೆ. ಒಪ್ಪಿಗೆ ಪಡೆದು ಹೋದವರು ಪರದೇಶದಲ್ಲಿ ಜ್ವರ ಬಂದು ಮಲಗಿದಾಗಲೋ ಪಾಸ್‌ಪೋರ್ಟ್ ಕಳೆದುಕೊಂಡಾಗಲೋ ಹಿಂದೆಮುಂದೆ ನೋಡದೆ ಮನೆಗೆ ಫೋನ್ ಮಾಡುತ್ತಾರೆ. ಜಗಳವಾಡಿ ಹೋದವರು ‘ನಾನು ಆಗಲೇ ಹೇಳಿರಲಿಲ್ಲವೇ’ ಎಂಬ ಮಾತಿಗೆ ಹೆದರಿ ಕಷ್ಟವನ್ನು ಮುಚ್ಚಿಡುತ್ತಾರೆ, ಅಷ್ಟರಲ್ಲಿ ಅದು ಕೈಮೀರುತ್ತದೆ. ಮನೆಯವರ ಒಪ್ಪಿಗೆಯೂ ನಿಮ್ಮ ಸುರಕ್ಷತೆಯ ಒಂದು ಭಾಗವೆಂದೇ ನಾನು ನಂಬಿದ್ದೇನೆ, ಆದ್ದರಿಂದಲೇ ಅದಕ್ಕಾಗಿ ಇಷ್ಟು ಶ್ರಮಪಡಿ ಎನ್ನುತ್ತಿದ್ದೇನೆ.

ಸಾಮಾನ್ಯವಾಗಿ ನಾವು ಮಾತು ಶುರುಮಾಡುವುದೇ ತಪ್ಪು ಜಾಗದಿಂದ. ‘ಎಲ್ಲರೂ ಹೋಗುತ್ತಾರೆ’ ಎನ್ನುತ್ತೇವೆ, ಅದು ನಡೆಯದಿದ್ದರೆ ‘ನನ್ನ ಮೇಲೆ ನಿಮಗೆ ನಂಬಿಕೆಯೇ ಇಲ್ಲವೇ’ ಎಂದು ಕೇಳುತ್ತೇವೆ. ಈ ಎರಡನೆಯ ಮಾತು ಅಪ್ಪ ಅಮ್ಮನಿಗೆ ನೋವು ಕೊಡುತ್ತದೆಯೇ ಹೊರತು ಉತ್ತರ ಕೊಡುವುದಿಲ್ಲ, ಏಕೆಂದರೆ ಅವರಿಗೆ ನಿಮ್ಮ ಮೇಲೆ ಅಪನಂಬಿಕೆಯಿಲ್ಲ. ಅವರು ಕಾಣದ ರಸ್ತೆಯ ಮೇಲೆ, ಅವರಿಗೆ ಗೊತ್ತಿಲ್ಲದ ಆಸ್ಪತ್ರೆಯ ಮೇಲೆ, ಮಧ್ಯರಾತ್ರಿ ನಿಮ್ಮನ್ನು ಹತ್ತಿಸಿಕೊಳ್ಳುವ ಅಪರಿಚಿತ ಚಾಲಕನ ಮೇಲೆ ಅವರಿಗೆ ನಂಬಿಕೆಯಿಲ್ಲ. ‘ಬೇಡ’ ಎಂಬ ಒಂದೇ ಮಾತಿನೊಳಗೆ ಇಂಥ ಹತ್ತಾರು ಆತಂಕಗಳು ಗಂಟುಬಿದ್ದಿರುತ್ತವೆ. ನಿಮ್ಮ ಕೆಲಸ ಆ ಗಂಟನ್ನು ಬಿಡಿಸಿ, ಒಂದೊಂದು ಎಳೆಗೂ ಹೆಸರಿಟ್ಟು, ಉತ್ತರ ಇರುವುದಕ್ಕೆ ಉತ್ತರ ಹೇಳಿ, ಇಲ್ಲದಿರುವುದನ್ನು ಇಲ್ಲವೆಂದು ಒಪ್ಪಿಕೊಳ್ಳುವುದು.

ನಿಜವಾದ ಅಪಾಯ ಎಲ್ಲಿದೆ ಎಂಬುದರಿಂದ ಆರಂಭಿಸಿ. ಸುದ್ದಿ ವಾಹಿನಿಗಳನ್ನು ನೋಡುವ ತಂದೆ ತಾಯಿಯರ ಕಣ್ಣ ಮುಂದೆ ಬರುವುದು ಅಪಹರಣ, ಬಾಂಬ್ ಸ್ಫೋಟ, ವಿಮಾನ ದುರಂತ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ 5ರಿಂದ 29 ವರ್ಷದೊಳಗಿನವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ. ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಗಳ ಮೇಲೆ ಪ್ರಾಣ ಬಿಡುತ್ತಾರೆ. ಇದನ್ನು ಮನೆಯಲ್ಲಿ ಹೇಳಿದರೆ ಅವರು ಇನ್ನಷ್ಟು ಹೆದರುವುದಿಲ್ಲವೇ ಎಂದು ನೀವು ಕೇಳಬಹುದು. ಹಾಗಾಗುವುದಿಲ್ಲ, ಏಕೆಂದರೆ ಈ ಅಪಾಯವನ್ನು ತಗ್ಗಿಸುವ ಬಹುಪಾಲು ನಿರ್ಧಾರಗಳು ನಿಮ್ಮ ಕೈಯಲ್ಲೇ ಇವೆ. ‘ಅಲ್ಲಿ ಬಾಡಿಗೆ ಬೈಕ್ ಓಡಿಸುವುದಿಲ್ಲ, ಸೀಟ್ ಬೆಲ್ಟ್ ಇಲ್ಲದ ವಾಹನ ಹತ್ತುವುದಿಲ್ಲ, ಬೆಟ್ಟದ ದಾರಿಯ ಪ್ರಯಾಣವನ್ನು ಹಗಲಿನಲ್ಲೇ ಮುಗಿಸುತ್ತೇನೆ’ ಎಂದು ನೀವಾಗಿಯೇ ಹೇಳಿದಾಗ, ಮಗ ಅಥವಾ ಮಗಳು ಆಸೆಪಟ್ಟಿದ್ದಷ್ಟೇ ಅಲ್ಲ, ಯೋಚನೆಯನ್ನೂ ಮಾಡಿದ್ದಾರೆ ಎಂಬುದು ಅವರಿಗೆ ಗೊತ್ತಾಗುತ್ತದೆ. ವಾಹನ ಓಡಿಸಲೇಬೇಕಿದ್ದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪತ್ರದ ವಿಷಯ ಮೊದಲೇ ವಿಚಾರಿಸಿ. ಇವುಗಳಲ್ಲಿ ರಸ್ತೆ ಸಂಚಾರದ ಬಗ್ಗೆ ದೇಶಗಳು ಮಾಡಿಕೊಂಡ 1949ರ ಒಪ್ಪಂದದ್ದು ಬೇರೆ, 1968ರ ಒಪ್ಪಂದದ್ದು ಬೇರೆ. ಜಪಾನ್ ಮಾನ್ಯ ಮಾಡುವುದು 1949ರದ್ದನ್ನು ಮಾತ್ರ.

ಎರಡನೆಯದು ಆಸ್ಪತ್ರೆ, ನನಗೆ ಅತ್ಯಂತ ಮುಖ್ಯವೆನಿಸುವುದೂ ಇದೇ. ಯುರೋಪಿನ ಷೆಂಗೆನ್ ದೇಶಗಳಿಗೆ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ದೇಶಗಳ ಗುಂಪಿಗೆ, ಅಲ್ಪಾವಧಿ ವೀಸಾ ಪಡೆಯಲು ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ, ಹಾಗಾಗಿ ಅಲ್ಲಿಗೆ ಹೋಗುವವರೆಲ್ಲ ಒಂದು ಪಾಲಿಸಿ ಕೊಳ್ಳುತ್ತಾರೆ. ಆದರೆ ಕೊಂಡ ಪಾಲಿಸಿಯನ್ನು ಓದುವವರು ವಿರಳ. ನೀವು ಅದನ್ನು ಅಮ್ಮನ ಪಕ್ಕ ಕುಳಿತು ಓದಿ. ಯಾವುದಕ್ಕೆಲ್ಲ ಹಣ ಸಿಗುತ್ತದೆ ಎಂಬ ಪುಟಕ್ಕಿಂತ ಯಾವುದಕ್ಕೆ ಸಿಗುವುದಿಲ್ಲ ಎಂಬ ಪುಟವನ್ನು ನಿಧಾನವಾಗಿ ಓದಿ: ಮೊದಲಿನಿಂದ ಇರುವ ಕಾಯಿಲೆ, ಮದ್ಯ ಸೇವಿಸಿದಾಗ ಆದ ಗಾಯ, ಸಾಹಸ ಕ್ರೀಡೆ, ಪರವಾನಗಿಯಿಲ್ಲದೆ ಓಡಿಸಿದ ವಾಹನ ಇವೆಲ್ಲ ಸಾಮಾನ್ಯವಾಗಿ ಆ ಪುಟದಲ್ಲೇ ಇರುತ್ತವೆ. ಪಾಲಿಸಿಯಲ್ಲಿ ಇಪ್ಪತ್ನಾಲ್ಕು ಗಂಟೆಯೂ ಕರೆ ಮಾಡಬಹುದಾದ ನೆರವಿನ ಸಂಖ್ಯೆಯೊಂದು ಇರುತ್ತದೆ. ಆಸ್ಪತ್ರೆಗೆ ದಾಖಲಾಗುವ ಮುನ್ನ ಅಥವಾ ದಾಖಲಾದ ಕೂಡಲೇ ಅಲ್ಲಿಗೆ ತಿಳಿಸಬೇಕೆಂಬ ನಿಯಮ ಎಷ್ಟೋ ಪಾಲಿಸಿಗಳಲ್ಲಿದೆ. ಹೊರಡುವ ವಾರದ ಮೊದಲೇ ಒಂದು ಸಂಜೆ ಫೋನನ್ನು ಸ್ಪೀಕರಿಗೆ ಹಾಕಿ, ಮನೆಯವರ ಎದುರೇ ಆ ಸಂಖ್ಯೆಗೆ ಕರೆ ಮಾಡಿ, ‘ರಾತ್ರಿ ಎರಡು ಗಂಟೆಗೆ ಕಾಲು ಮುರಿದರೆ ನಾನು ಮೊದಲು ಏನು ಮಾಡಬೇಕು?’ ಎಂದು ಕೇಳಿ. ಆ ಕಡೆಯಿಂದ ಒಬ್ಬರು ಸಮಾಧಾನವಾಗಿ ಉತ್ತರಿಸುವುದನ್ನು ಸ್ವತಃ ಕೇಳಿಸಿಕೊಂಡ ಅಮ್ಮನಿಗೆ ಸಿಗುವ ಧೈರ್ಯವನ್ನು ನಿಮ್ಮ ಹತ್ತು ಭಾಷಣಗಳು ಕೊಡಲಾರವು. ಯಾರೂ ಎತ್ತಿಕೊಳ್ಳದಿದ್ದರೆ ಅದೂ ಒಳ್ಳೆಯದೇ. ಬೇರೆ ಪಾಲಿಸಿ ಹುಡುಕಲು ಇನ್ನೂ ಕಾಲವಿದೆ.

ಸಂಪರ್ಕದ ವಿಷಯದಲ್ಲಿ ನಾವು ಕೊಡುವ ಭರವಸೆಗಳೇ ಎಷ್ಟೋ ಸಲ ಆತಂಕವನ್ನು ಹೆಚ್ಚಿಸುತ್ತವೆ. ‘ದಿನಾ ಎಂಟು ಗಂಟೆಗೆ ಮೆಸೇಜ್ ಮಾಡುತ್ತೇನೆ’ ಎಂದು ಹೇಳಿ ಹೋಗಿರುತ್ತೀರಿ. ರೈಲು ಸುರಂಗದೊಳಗೆ ನಿಂತಿದೆ, ಅಥವಾ ಫೋನಿನ ಚಾರ್ಜ್ ಮುಗಿದಿದೆ. ಇತ್ತ ಮನೆಯಲ್ಲಿ ‘ಎಲ್ಲಿದ್ದೀಯಾ?’ ಎಂದು ಕಳುಹಿಸಿದ ವಾಟ್ಸಾಪ್ ಸಂದೇಶದ ಪಕ್ಕ ಒಂದೇ ಒಂದು ಬೂದು ಟಿಕ್ ನಿಂತುಬಿಟ್ಟಿದೆ. ಅಪ್ಪ ಪ್ರತಿ ಐದು ನಿಮಿಷಕ್ಕೊಮ್ಮೆ ಫೋನ್ ತೆರೆದು ನೋಡುತ್ತಿದ್ದಾರೆ. ಆ ಒಂದು ಟಿಕ್ಕಿನ ಅರ್ಥ ಸಂದೇಶ ನಿಮ್ಮ ಫೋನಿಗೆ ಇನ್ನೂ ತಲುಪಿಲ್ಲವೆಂಬುದಷ್ಟೇ ಎಂದು ಅವರಿಗೆ ಮೊದಲೇ ವಿವರಿಸಿ. ನಿಮಿಷ ಗೊತ್ತುಮಾಡಬೇಡಿ, ಅವಧಿ ಗೊತ್ತುಮಾಡಿ: ದಿನಕ್ಕೊಮ್ಮೆ, ಮಲಗುವ ಮುನ್ನ, ಎರಡೂ ಕಡೆಯ ಸಮಯದ ವ್ಯತ್ಯಾಸವನ್ನು ಲೆಕ್ಕ ಹಾಕಿ. ಸುದ್ದಿ ಬಾರದಿದ್ದರೆ ಏನು ಮಾಡಬೇಕೆಂಬುದನ್ನೂ ಒಂದು ಹಾಳೆಯಲ್ಲಿ ಬರೆದುಕೊಡಿ: ಮೊದಲು ವಸತಿಗೃಹಕ್ಕೆ ಕರೆ, ಆಮೇಲೆ ಜೊತೆಗಿರುವ ಸ್ನೇಹಿತರಿಗೆ, ಒಂದು ಪೂರ್ತಿ ದಿನ ಕಳೆದರೂ ಸುಳಿವಿಲ್ಲದಿದ್ದರೆ ಅಲ್ಲಿರುವ ನಮ್ಮ ರಾಯಭಾರ ಕಚೇರಿಗೆ. ಸುಮ್ಮನೆ ಕಾಯುತ್ತ ಕೂರುವುದಕ್ಕಿಂತ ಮಾಡಲು ಏನಾದರೂ ಇದೆ ಎಂಬುದೇ ಅವರಿಗೆ ಆಸರೆ.

ರಾಯಭಾರ ಕಚೇರಿಯ ಬಗ್ಗೆಯೂ ಇರುವುದನ್ನು ಇದ್ದಂತೆ ಹೇಳಿ. ಪಾಸ್‌ಪೋರ್ಟ್ ಕಳೆದರೆ ಅದು ತುರ್ತು ಪ್ರಯಾಣ ಪತ್ರ ಕೊಡಬಲ್ಲದು, ವೈದ್ಯರ, ವಕೀಲರ ವಿವರ ಕೊಡಬಲ್ಲದು. ಪೊಲೀಸರು ಬಂಧಿಸಿದರೆ, ನೀವು ಕೋರಿದಾಗ ನಿಮ್ಮ ದೇಶದ ಕಾನ್ಸುಲೇಟಿಗೆ, ಅಂದರೆ ಅಲ್ಲಿರುವ ನಾಗರಿಕರಿಗೆ ನೆರವಾಗುವ ದೂತಾವಾಸ ಕಚೇರಿಗೆ, ತಿಳಿಸಬೇಕೆಂಬ ನಿಯಮ ಇಂಥ ಕಚೇರಿಗಳ ಕುರಿತ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿದೆ. ಆದರೆ ರಾಯಭಾರ ಕಚೇರಿ ನಿಮ್ಮನ್ನು ಜೈಲಿನಿಂದ ಬಿಡಿಸಿಕೊಂಡು ಬರಲಾರದು, ಆಸ್ಪತ್ರೆಯ ಬಿಲ್ಲಿಗೆ ಅದನ್ನು ನೆಚ್ಚಿಕೊಳ್ಳಲೂ ಆಗದು. ಬೇರೆಯವರ ಪೊಟ್ಟಣವನ್ನು ನನ್ನ ಬ್ಯಾಗಿನಲ್ಲಿ ಒಯ್ಯುವುದಿಲ್ಲ ಎಂಬ ಮಾತನ್ನು ಇಲ್ಲಿಯೇ ಕೊಟ್ಟುಬಿಡಿ. ಸಿಂಗಪುರದಂಥ ದೇಶಗಳಲ್ಲಿ ಮಾದಕ ವಸ್ತು ಸಾಗಣೆಗೆ ಮರಣದಂಡನೆಯಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಮನೆಯವರ ಭಯ ಇಮ್ಮಡಿಯಾಗುತ್ತದೆ. ಅಣ್ಣನಿಗೆ ಸಿಕ್ಕ ಒಪ್ಪಿಗೆ ತಂಗಿಗೆ ಸಿಗದಿರುವುದು ನ್ಯಾಯವಲ್ಲ, ಅದನ್ನು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಆದರೂ ಆ ಭಯ ಬುಡವಿಲ್ಲದ್ದಲ್ಲ, ಹಾಗಾಗಿ ಅದನ್ನು ತಳ್ಳಿಹಾಕಬೇಡಿ. ಹಗಲಿನಲ್ಲಿ ತಲುಪುವ ವಿಮಾನವನ್ನೇ ಆರಿಸಿದ್ದೇನೆ, ಮೊದಲ ಕೆಲವು ರಾತ್ರಿಗಳ ವಸತಿ ಕಾದಿರಿಸಿದ್ದೇನೆ, ನಿಲ್ದಾಣದಿಂದ ಅಲ್ಲಿಗೆ ಹೋಗುವ ದಾರಿ ಇದು, ಇರುವ ಜಾಗವನ್ನು ಮನೆಯವರಿಗೆ ಮಾತ್ರ ತಿಳಿಸುತ್ತೇನೆ, ಚಿತ್ರಗಳನ್ನು ಆ ಊರು ಬಿಟ್ಟ ಮೇಲೆಯೇ ಹಾಕುತ್ತೇನೆ ಎಂದು ನಕಾಶೆ ತೆರೆದು ತೋರಿಸಿ.

ಕೆಲವೊಮ್ಮೆ ಅಪ್ಪ ಅಮ್ಮ ಹೇಳುವ ‘ಬೇಡ’ವೇ ಸರಿಯಿರುತ್ತದೆ. ಆನ್‌ಲೈನಿನಲ್ಲಿ ಮಾತ್ರ ಪರಿಚಯವಾದ ಯಾರೋ ಒಬ್ಬರು ಟಿಕೆಟ್ ಕೊಡಿಸುತ್ತೇನೆ, ಪ್ರವಾಸಿ ವೀಸಾದಲ್ಲಿ ಬಾ, ಬಂದ ಮೇಲೆ ಒಳ್ಳೆಯ ಸಂಬಳದ ಕೆಲಸವಿದೆ ಎಂದಿದ್ದರೆ, ಆ ಪ್ರಯಾಣವನ್ನು ನಿಲ್ಲಿಸಲೇಬೇಕು. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಜನ, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಇಂಥ ಆಮಿಷಗಳಿಗೆ ಸಿಕ್ಕಿ ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಬಲವಂತವಾಗಿ ದುಡಿಯುತ್ತಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಅಂದಾಜು ಮಾಡಿತ್ತು. ಕೆಲಸಕ್ಕೆಂದು ಹೋಗುವವರು ಕೆಲಸದ ವೀಸಾದಲ್ಲೇ ಹೋಗಬೇಕು.

ಈಗ ಇದನ್ನು ಕೇಳುತ್ತಿರುವ ತಂದೆ ತಾಯಿಯರಿಗೆ ನನ್ನದೊಂದು ವಿನಂತಿ. ಮಕ್ಕಳು ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಎದುರು ಕುಳಿತಾಗ, ಯಾವ ಪ್ರಶ್ನೆಗೆ ಉತ್ತರ ಸಿಕ್ಕರೆ ನೀವು ಒಪ್ಪುತ್ತೀರಿ ಎಂಬುದನ್ನು ದಯವಿಟ್ಟು ಬಾಯಿಬಿಟ್ಟು ಹೇಳಿ. ಹಣದ ಚಿಂತೆಯಾಗಿದ್ದರೆ ಹಣದ ಚಿಂತೆ ಎನ್ನಿ, ಅದಕ್ಕೆ ಸುರಕ್ಷತೆಯ ಹೆಸರು ಕೊಡಬೇಡಿ. ಕಾರಣ ತಿಳಿಯದ ನಿರಾಕರಣೆಯಿಂದ ಮಕ್ಕಳು ಕಲಿಯುವುದು ಮುಂದಿನ ಸಲ ಹೇಳದೆ ಹೋಗುವುದನ್ನು.

ಇಷ್ಟಾದ ಮೇಲೂ ಉತ್ತರ ‘ಬೇಡ’ ಎಂದೇ ಬಂದರೆ, ಪ್ರವಾಸದ ಯಾವ ಭಾಗ ಬೇಡ ಎಂದು ಕೇಳಿ. ಮೂರು ವಾರ ಹೆಚ್ಚೆನಿಸಿದರೆ ಹತ್ತು ದಿನವಾಗಲಿ, ಒಂಟಿಯಾಗಿ ಬೇಡವಾದರೆ ಒಬ್ಬ ಸ್ನೇಹಿತರು ಜೊತೆಗಿರಲಿ, ಆ ದೇಶವೇ ಬೇಡವೆಂದರೆ ಪರಿಚಯದವರು ಇರುವ ಇನ್ನೊಂದು ದೇಶದಿಂದ ಆರಂಭವಾಗಲಿ. ಅವರಿಗೆ ಯೋಚಿಸಲು ಕೆಲವು ವಾರಗಳ ಕಾಲಾವಕಾಶ ಕೊಡಿ, ಆ ನಡುವೆ ಪಾಸ್‌ಪೋರ್ಟಿನ ಅವಧಿ ನೋಡಿಕೊಳ್ಳಿ. ಇನ್ನೂ ಕನಿಷ್ಠ ಆರು ತಿಂಗಳ ಮಾನ್ಯತೆ ಉಳಿದಿರಬೇಕೆಂದು ಅನೇಕ ದೇಶಗಳು ಕೇಳುತ್ತವೆ. ಹಣ ವಾಪಸಾಗದ ಟಿಕೆಟ್ ಕೊಂಡು ಬಂದು ಅದನ್ನೇ ಮುಂದಿಟ್ಟು ಅವರ ಕೈ ಕಟ್ಟಿಹಾಕಬೇಡಿ. ವೀಸಾ ಕೈಗೆ ಬರುವ ಮುನ್ನ ಟಿಕೆಟ್ ಖರೀದಿಸಬೇಡಿ ಎಂದು ಅನೇಕ ದೂತಾವಾಸಗಳೇ ಸಲಹೆ ನೀಡುತ್ತವೆ. ಹಾಗಾಗಿ ಮಾತುಕತೆ ಮೊದಲು ಮುಗಿಯಲಿ, ವೀಸಾ ಬರಲಿ, ಟಿಕೆಟ್ ಆಮೇಲೆ.