ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು?

ಕೇಳುಗರೇ, ನಮಸ್ಕಾರ.

ತರಗತಿಯಲ್ಲಿ ಮೇಷ್ಟ್ರು ಒಂದು ಪ್ರಶ್ನೆ ಕೇಳುತ್ತಾರೆ. ಮಕ್ಕಳು ಉತ್ತರ ಹೇಳಲಿ ಅಂತ ಎಷ್ಟು ಹೊತ್ತು ಕಾಯುತ್ತಾರೆ? ಸುಮ್ನೆ ಊಹೆ ಮಾಡಿ ನೋಡಿ. ಅರ್ಧ ನಿಮಿಷ? ಹತ್ತು ಸೆಕೆಂಡು?

ಅಮೆರಿಕದಲ್ಲಿ ಮೇರಿ ಬಡ್ ರೋ ಎಂಬ ಸಂಶೋಧಕಿ ಇದನ್ನು ಅಳೆದು ನೋಡಿದರು. 1970ರ ದಶಕದ ಮಾತು. ವಿಜ್ಞಾನದ ತರಗತಿಗಳಲ್ಲಿ ನಡೆದ ಮಾತುಕತೆಯನ್ನು ಟೇಪ್ ಮಾಡಿಕೊಂಡು, ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಎಷ್ಟು ಹೊತ್ತು ಮೌನ ಇದೆ ಅಂತ ಲೆಕ್ಕ ಹಾಕಿದರು. ಸುಮಾರು ಒಂದು ಸೆಕೆಂಡು! ಅಷ್ಟರೊಳಗೆ ಯಾರೂ ಬಾಯಿ ಬಿಡದಿದ್ದರೆ ಮೇಷ್ಟ್ರು ಪ್ರಶ್ನೆಯನ್ನೇ ಬದಲಿಸುತ್ತಿದ್ದರು, ಇನ್ನೊಬ್ಬರನ್ನು ಎಬ್ಬಿಸುತ್ತಿದ್ದರು, ಇಲ್ಲವೇ ತಾವೇ ಉತ್ತರ ಹೇಳಿಬಿಡುತ್ತಿದ್ದರು. ಮಗು ಏನಾದರೂ ಹೇಳಿದ ಮೇಲೂ ಅದೇ ಆತುರ. ಅದರ ಮಾತು ಮುಗಿಯಿತೋ ಇಲ್ಲವೋ, ಇವರ ಮಾತು ಶುರು.

ಆಮೇಲೆ ರೋ ಕೆಲವು ಶಿಕ್ಷಕರಿಗೆ ಮೂರು ಸೆಕೆಂಡು ಕಾಯುವ ಅಭ್ಯಾಸ ಮಾಡಿಸಿದರು. ಮೂರು ಸೆಕೆಂಡು ಅಂದರೆ ಎಷ್ಟು? ಇಲ್ಲೇ ತೋರಿಸುತ್ತೇನೆ, ಕೇಳಿ.

(ಮೂರು ಸೆಕೆಂಡು ಮೌನ)

ಇಷ್ಟೇ. ಅಷ್ಟಕ್ಕೇ ಗಾಜಿನ ಆಚೆ ಕೂತಿರುವ ನಮ್ಮ ಎಂಜಿನಿಯರ್ ತಲೆ ಎತ್ತಿ ನೋಡಿದರು. ರೇಡಿಯೋದವರಿಗೆ ಮೌನ ಅಂದರೆ ಭಯ. ಮೇಷ್ಟ್ರಿಗೂ ಹಾಗೇ ಇರಬೇಕು.

ಆದರೆ ಆ ಮೂರು ಸೆಕೆಂಡಿನಿಂದ ಆದ ಬದಲಾವಣೆ ಸಣ್ಣದಲ್ಲ. ಮಕ್ಕಳ ಉತ್ತರ ಉದ್ದವಾಯಿತು. "ಗೊತ್ತಿಲ್ಲ" ಅನ್ನುವುದು, ಬಾಯಿ ಬಿಡದೆ ನಿಲ್ಲುವುದು ಕಡಿಮೆಯಾಯಿತು. ಮಕ್ಕಳೇ ತಿರುಗಿ ಪ್ರಶ್ನೆ ಕೇಳತೊಡಗಿದರು. ಎಂದೂ ಮಾತಾಡದ ಮಕ್ಕಳು ಮಾತಾಡಿದರು. ಇನ್ನೂ ಒಂದು ಸಂಗತಿ ಇದೆ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದು. ಇವರು ಜಾಣರು ಅಂತ ತಾವು ಅಂದುಕೊಂಡಿದ್ದ ಮಕ್ಕಳಿಗೆ ಶಿಕ್ಷಕರು ಮೊದಲಿನಿಂದಲೂ ಸ್ವಲ್ಪ ಜಾಸ್ತಿ ಹೊತ್ತು ಕಾಯುತ್ತಿದ್ದರು. ಇವನಿಗೆ ಬರುವುದಿಲ್ಲ ಬಿಡು ಅಂದುಕೊಂಡ ಮಕ್ಕಳಿಗೆ ಕಡಿಮೆ. ಯೋಚಿಸಲು ಹೆಚ್ಚು ಹೊತ್ತು ಬೇಕಾದವರಿಗೇ ಕಡಿಮೆ ಹೊತ್ತು! ಬೇಕೆಂದು ಯಾರೂ ಹಾಗೆ ಮಾಡಿರಲಿಲ್ಲ. ಟೇಪ್ ಕೇಳಿಸದಿದ್ದರೆ ಅವರಿಗೆ ತಿಳಿಯುತ್ತಲೂ ಇರಲಿಲ್ಲ.

ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಶಾಲೆಯ ಮಾತು ಬಂದಾಗ ನನಗೆ ಮೊದಲು ನೆನಪಾಗುವುದು ಈ ಅಧ್ಯಯನ. 1994ರಲ್ಲಿ ಸ್ಪೇನಿನ ಸಾಲಮಾಂಕಾ ನಗರದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿ ಒಂದು ಘೋಷಣೆ ಹೊರಡಿಸಿದರು. ಅಂಗವಿಕಲ ಮಕ್ಕಳೂ ಸೇರಿದಂತೆ ಎಲ್ಲರಿಗೂ ಸಾಮಾನ್ಯ ಶಾಲೆಯ ಬಾಗಿಲು ತೆರೆದಿರಬೇಕು ಅಂತ. ದೊಡ್ಡ ಹೆಜ್ಜೆ, ಅನುಮಾನವಿಲ್ಲ. ರ‍್ಯಾಂಪ್ ಬಂತು, ನಿಯಮಗಳು ಬಂದವು, ದಾಖಲಾತಿ ಆಯಿತು. ಹಾಜರಿ ಪುಸ್ತಕದಲ್ಲಿ ಹೆಸರು ಬಂದ ಕೂಡಲೇ ಮಗು ತರಗತಿಯೊಳಗೆ ಬಂದಂತಾಗುತ್ತದೆಯೇ? ದಿನವಿಡೀ ಒಂದು ಮಾತೂ ಆಡದೆ, ಯಾರಿಂದಲೂ ಒಂದು ಪ್ರಶ್ನೆ ಕೇಳಿಸಿಕೊಳ್ಳದೆ ಮನೆಗೆ ಹೋಗುವ ಮಗು ಎಷ್ಟೋ ತರಗತಿಗಳಲ್ಲಿ ಇರುತ್ತದೆ. ಗಲಾಟೆ ಮಾಡುವುದಿಲ್ಲವಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಅಂಥ ಮಕ್ಕಳನ್ನು ಮಾತಿಗೆ ತರುವುದು ಹೇಗೆ? 1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಇದೇ ಕಷ್ಟ ಎದುರಾಗಿತ್ತು. ಅದುವರೆಗೆ ಬೇರೆ ಬೇರೆ ಶಾಲೆಗಳಲ್ಲಿ ಓದುತ್ತಿದ್ದ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದ್ದರು. ಒಟ್ಟಿಗೆ ಕೂರಿಸಿದರೆ ಸ್ನೇಹ ತಾನಾಗಿ ಬೆಳೆಯುತ್ತದೆ ಅಂದುಕೊಂಡಿದ್ದರೆ, ಆದದ್ದು ಹೊಡೆದಾಟ. ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ತರಗತಿಯಲ್ಲಿ ಕೂತು ನೋಡಿದರು. ಅಲ್ಲಿ ನಡೆಯುತ್ತಿದ್ದದ್ದು ಬರೀ ಪೈಪೋಟಿ. ಮೇಷ್ಟ್ರು ಪ್ರಶ್ನೆ ಕೇಳುವುದು, ಉತ್ತರ ಗೊತ್ತಿದ್ದ ನಾಲ್ಕಾರು ಮಕ್ಕಳು ಕೈ ಎತ್ತಿ ಕುಣಿಯುವುದು, ಉಳಿದವರು ತಲೆ ತಗ್ಗಿಸಿ ಕೂರುವುದು.

ಅವರು ಮಾಡಿದ ಉಪಾಯ ಸರಳವಾಗಿದೆ. ಐದಾರು ಮಕ್ಕಳ ಗುಂಪು ಮಾಡಿ, ಒಂದು ಪಾಠವನ್ನು ಅಷ್ಟೇ ತುಂಡು ಮಾಡಿದರು. ಒಬ್ಬೊಬ್ಬರ ಕೈಗೂ ಒಂದೊಂದೇ ತುಂಡು. ಒಬ್ಬ ವ್ಯಕ್ತಿಯ ಜೀವನದ ಬಗ್ಗೆ ಪಾಠ ಅಂತಿಟ್ಟುಕೊಳ್ಳಿ. ಬಾಲ್ಯದ ಪುಟ ಒಬ್ಬಳ ಹತ್ತಿರ ಮಾತ್ರ ಇದೆ, ಕೊನೆಗಾಲದ ಪುಟ ಇನ್ನೊಬ್ಬನ ಹತ್ತಿರ ಮಾತ್ರ. ಪರೀಕ್ಷೆ ಮಾತ್ರ ಪೂರ್ತಿ ಪಾಠದ ಮೇಲೆ. ಈಗ ತಡವರಿಸಿ ಮಾತಾಡುವ ಹುಡುಗನನ್ನು ಅಣಕಿಸಿದರೆ ನಷ್ಟ ಯಾರಿಗೆ? ಅವನ ತುಂಡು ನಿಮಗೆ ಸಿಗುವುದಿಲ್ಲ. ಮೊದಲ ಕೆಲವು ದಿನ ಮಕ್ಕಳು ಹಳೇ ಚಾಳಿ ಬಿಡಲಿಲ್ಲ. ಆಮೇಲೆ ಕಲಿತರು. ಅವನಿಗೆ ಬಿಡಿಸಿ ಬಿಡಿಸಿ ಪ್ರಶ್ನೆ ಕೇಳಿದರೆ ಚೆನ್ನಾಗಿ ಹೇಳುತ್ತಾನೆ ಅನ್ನುವುದು ಗೊತ್ತಾಯಿತು. ಮಕ್ಕಳ ನಡುವಿನ ದ್ವೇಷ ಕಡಿಮೆಯಾಯಿತು, ಹಿಂದುಳಿದಿದ್ದವರ ಅಂಕಗಳೂ ಏರಿದವು. ಆರನ್‌ಸನ್ ಅಲ್ಲಿ ಯಾರಿಗೂ ಒಳ್ಳೆಯತನದ ಭಾಷಣ ಮಾಡಲಿಲ್ಲ, ಕೆಲಸದ ರೀತಿಯನ್ನು ಬದಲಾಯಿಸಿದರು ಅಷ್ಟೇ.

ಅಂಕಗಳ ವಿಷಯಕ್ಕೆ ಬಂದರೆ, ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಹೇಳಿ ಮುಂದೆ ಹೋಗುತ್ತೇನೆ. ಮಕ್ಕಳು ಮಾಡಿದ ಕೆಲಸ ನೋಡಿ ಒಂದು ಗುಂಪಿಗೆ ಅಂಕ ಕೊಟ್ಟರು. ಇನ್ನೊಂದು ಗುಂಪಿಗೆ ಅಂಕವಿಲ್ಲ, ಇಲ್ಲಿ ಹೀಗೆ ಮಾಡಿದ್ದೀಯ ಅನ್ನುವ ಚಿಕ್ಕ ಮಾತು ಮಾತ್ರ. ಮೂರನೆಯದಕ್ಕೆ ಅಂಕವೂ ಮಾತೂ ಎರಡೂ. ಮಾತು ಮಾತ್ರ ಪಡೆದವರು ಮುಂದೆ ಚೆನ್ನಾಗಿ ಮಾಡಿದರು. ಎರಡೂ ಪಡೆದವರು? ಬರೀ ಅಂಕ ಪಡೆದವರ ಹಾಗೆಯೇ. ಅಂಕ ಕಂಡ ಕೂಡಲೇ ಮಕ್ಕಳ ಕಣ್ಣು ಅಲ್ಲೇ ನಿಂತುಬಿಡುತ್ತದೆ, ಪಕ್ಕದಲ್ಲಿ ಬರೆದದ್ದನ್ನು ಯಾರು ಓದುತ್ತಾರೆ? ನೋಟ್‌ಬುಕ್ ರಾಶಿ ಹಾಕಿಕೊಂಡು ರಾತ್ರಿಯೆಲ್ಲ ಕೆಂಪು ಶಾಯಿಯಲ್ಲಿ ಬರೆಯುವ ಶಿಕ್ಷಕರಿಗೆ ಇದು ಬೇಸರದ ಸುದ್ದಿ, ಅಲ್ವಾ?

ಇಷ್ಟೆಲ್ಲ ಗೊತ್ತಿದ್ದೂ ತರಗತಿಗಳು ಯಾಕೆ ಬದಲಾಗುವುದಿಲ್ಲ? ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಉತ್ತರ ಹುಡುಕಬೇಕಾದದ್ದು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ. ತನ್ನ ಅಭ್ಯಾಸ ತನಗೇ ಕಾಣುವುದಿಲ್ಲ. ಟೇಪ್ ಬೇಕು, ಇಲ್ಲವೇ ಪಕ್ಕದಲ್ಲಿ ಕೂತು ನೋಡುವ ಒಬ್ಬ ಸ್ನೇಹಿತ ಬೇಕು. ಅಂಥ ವ್ಯವಸ್ಥೆ ಮಾಡಬಲ್ಲವರು ಹೆಡ್‌ಮಾಸ್ಟರ್ ಮಾತ್ರ.

ನ್ಯೂಜಿಲೆಂಡಿನ ವಿವಿಯನ್ ರಾಬಿನ್‌ಸನ್ ಮತ್ತು ಸಂಗಡಿಗರು 2008ರಲ್ಲಿ, ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಒಂದು ಲೆಕ್ಕ ತೆಗೆದರು. ಶಾಲೆಯ ಮುಖ್ಯಸ್ಥರು ಮಾಡುವ ಯಾವ ಕೆಲಸದಿಂದ ಮಕ್ಕಳ ಕಲಿಕೆಗೆ ಹೆಚ್ಚು ಲಾಭ? ಐದು ಬಗೆಯ ಕೆಲಸಗಳನ್ನು ಹೋಲಿಸಿದರು. ಗುರಿ ಹಾಕಿಕೊಡುವುದು, ಹಣ ಮತ್ತು ಜನರನ್ನು ಒದಗಿಸುವುದು, ಶಿಸ್ತು ಕಾಪಾಡುವುದು, ಹೀಗೆ. ಎಲ್ಲಕ್ಕಿಂತ ಮೇಲೆ ಬಂದದ್ದು, ಶಿಕ್ಷಕರ ಕಲಿಕೆಗೆ ದಾರಿ ಮಾಡಿಕೊಟ್ಟು ಅದರಲ್ಲಿ ತಾವೂ ಕೂತು ಕಲಿಯುವುದು. ಅದರ ಪರಿಣಾಮದ ಅಳತೆ 0.84. ನಂತರದ ಸ್ಥಾನದಲ್ಲಿದ್ದವು 0.42, ಅಂದರೆ ಸರಿಯಾಗಿ ಅರ್ಧ. ಶಿಸ್ತಿನದ್ದು ಅದಕ್ಕಿಂತಲೂ ಕಡಿಮೆ. ಈ ಲೆಕ್ಕದ ಹಿಂದಿದ್ದ ಅಧ್ಯಯನಗಳ ಸಂಖ್ಯೆ ಕಡಿಮೆ, ಹಾಗಾಗಿ ದಶಾಂಶಕ್ಕೆ ಜೋತುಬೀಳುವುದು ಬೇಡ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಗಮನಿಸಬೇಕು. ತರಬೇತಿ ಉದ್ಘಾಟಿಸಿ, ನಾಲ್ಕು ಮಾತಾಡಿ, "ನನಗೆ ಬೇರೆ ಕೆಲಸ ಇದೆ, ನೀವು ಮುಂದುವರಿಸಿ" ಅಂತ ಎದ್ದು ಹೋಗುವವರನ್ನು ನಾವೆಲ್ಲ ನೋಡಿದ್ದೇವೆ.

ಜಪಾನಿನ ಶಾಲೆಗಳಲ್ಲಿ ಹಳೆಯ ಪದ್ಧತಿಯೊಂದಿದೆ. ಕೆಲವು ಶಿಕ್ಷಕರು ಸೇರಿ ಒಂದೇ ಒಂದು ಪಾಠವನ್ನು ಕೂಲಂಕಷವಾಗಿ ತಯಾರಿ ಮಾಡುತ್ತಾರೆ. ಒಬ್ಬರು ಅದನ್ನು ಕಲಿಸುತ್ತಾರೆ, ಉಳಿದವರು ತರಗತಿಯಲ್ಲಿ ನಿಂತು ನೋಡುತ್ತಾರೆ. ಅವರ ಕಣ್ಣು ಕಲಿಸುವವರ ಮೇಲಲ್ಲ, ಮಕ್ಕಳ ಮೇಲೆ. ಕಿಟಕಿ ಪಕ್ಕದ ಹುಡುಗಿ ಲೆಕ್ಕವನ್ನು ಎಲ್ಲಿಯವರೆಗೆ ಮಾಡಿ ನಿಲ್ಲಿಸಿದಳು, ಯಾರ ಪುಸ್ತಕ ನೋಡಿ ಅಳಿಸಿದಳು, ಇಂಥದ್ದನ್ನು ಬರೆದುಕೊಳ್ಳುತ್ತಾರೆ. ಆಮೇಲೆ ಕೂತು ಮಾತಾಡುತ್ತಾರೆ. ಪಾಠ ಎಲ್ಲರೂ ಸೇರಿ ಮಾಡಿದ್ದು, ಆದ್ದರಿಂದ ತಪ್ಪು ಒಬ್ಬರ ತಲೆಗೆ ಬರುವುದಿಲ್ಲ.

ಇದನ್ನು ಎಲ್ಲಿ ಬೇಕಾದರೂ ಹಾಗೇ ತಂದು ಹಾಕಬಹುದು ಅಂತ ನಾನು ಹೇಳುವುದಿಲ್ಲ. ಒಬ್ಬರನ್ನೊಬ್ಬರು ನಂಬದ ಸ್ಟಾಫ್ ರೂಮಿನಲ್ಲಿ, ಹಿಂದಿನ ಬೆಂಚಿನಲ್ಲಿ ಯಾರಾದರೂ ಬಂದು ಕೂತರೆ ಅದು ತನಿಖೆ ಅನಿಸುತ್ತದೆ. ಶಿಕಾಗೋದ 400ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಆಂಥನಿ ಬ್ರೈಕ್ ಮತ್ತು ಬಾರ್ಬರಾ ಶ್ನೈಡರ್ 1990ರ ದಶಕದಲ್ಲಿ ವರ್ಷಗಟ್ಟಲೆ ಗಮನಿಸಿದರು. ಶಿಕ್ಷಕರು, ಮುಖ್ಯಸ್ಥರು, ಪೋಷಕರ ನಡುವೆ ನಂಬಿಕೆ ಗಟ್ಟಿಯಾಗಿದ್ದ ಶಾಲೆಗಳಲ್ಲಿ ಎರಡರಲ್ಲಿ ಒಂದು ಸುಧಾರಿಸುವ ಸಾಧ್ಯತೆ ಇತ್ತು. ನಂಬಿಕೆ ಸಡಿಲವಾಗಿದ್ದ ಕಡೆ ಏಳರಲ್ಲಿ ಒಂದು. ಆ ನಂಬಿಕೆ ಹುಟ್ಟುವುದು ತೀರಾ ಸಣ್ಣ ಸಂಗತಿಗಳಲ್ಲಿ. ಹೇಳಿದ್ದನ್ನು ಮಾಡುತ್ತಾರೋ, ಎದುರಿಗಿರುವವರ ಮಾತನ್ನು ಪೂರ್ತಿ ಕೇಳುತ್ತಾರೋ, ಅಷ್ಟೇ.

ಮೀಟಿಂಗಿನಲ್ಲಿ ಮೊದಲು ಮಾತಾಡುವವರು ಯಾರು ಅಂತ ಒಮ್ಮೆ ಗಮನಿಸಿ. ಹೆಡ್‌ಮಾಸ್ಟರ್ ತಮ್ಮ ತೀರ್ಮಾನ ಹೇಳಿ "ಯಾರಿಗಾದರೂ ಏನಾದರೂ ಹೇಳುವುದಿದೆಯಾ?" ಅಂತ ಕೇಳಿದರೆ ಹೊಸದಾಗಿ ಸೇರಿದ ಟೀಚರ್ ಬಾಯಿ ಬಿಡುತ್ತಾರೆಯೇ? ಕಿರಿಯರಿಂದ ಶುರು ಮಾಡಿ, ಮುಖ್ಯಸ್ಥರು ಕೊನೆಗೆ ಮಾತಾಡಿದರೆ ಮೀಟಿಂಗಿನ ರೂಪವೇ ಬೇರೆಯಾಗುತ್ತದೆ. ಗಾಲಿಕುರ್ಚಿಯ ಮಗುವಿಗೆ ಪ್ರಯೋಗಾಲಯದಲ್ಲಿ ಏನು ತೊಂದರೆ ಅನ್ನುವುದನ್ನು ಆ ಮಗುವನ್ನೇ ಕೇಳಿದರೆ, ಮೇಜು ಎತ್ತರ ಇದೆ ಅನ್ನುವ ಒಂದು ಮಾತಿನಲ್ಲಿ ಕೆಲಸ ಮುಗಿಯಬಹುದು.

ಉಳಿದದ್ದು ಸಮಯದ ಪ್ರಶ್ನೆ. ಶಿಕ್ಷಕರು ಒಬ್ಬರ ಪಾಠ ಒಬ್ಬರು ನೋಡಬೇಕು ಅನ್ನುವುದು ಸರಿ, ಯಾವಾಗ ನೋಡಬೇಕು? ಕೊನೆಯ ಗಂಟೆ ಹೊಡೆದ ಮೇಲೆ ನೋಡಲು ಪಾಠವೇ ಇರುವುದಿಲ್ಲ. ಅದು ವೇಳಾಪಟ್ಟಿಯೊಳಗೇ ಬರಬೇಕು. ಬದಲಿ ಶಿಕ್ಷಕರು ಇಲ್ಲ ಅನ್ನುವುದು ಮಾಮೂಲು ಉತ್ತರ. ಹಾಗಿದ್ದರೆ ವಾರಕ್ಕೊಂದು ಪೀರಿಯಡ್ ಮುಖ್ಯಸ್ಥರೇ ಆ ತರಗತಿಗೆ ಹೋಗಿ ಪಾಠ ಮಾಡಬಹುದು. ಟೀಚರ್‌ಗೆ ಪಕ್ಕದ ತರಗತಿಯಲ್ಲಿ ಕೂರಲು ಬಿಡುವು ಸಿಗುತ್ತದೆ. ಕಚೇರಿಯ ಕಾಗದಪತ್ರಕ್ಕೆ ನಲವತ್ತು ನಿಮಿಷದಲ್ಲಿ ಏನೂ ಆಗುವುದಿಲ್ಲ.

ನಮಸ್ಕಾರ.